ಮಸಿಯ ಕೆಳಗಿನ ಅಂಕಿ

ಮಾರ್ಚ್ ೩

ತಮ್ಮಾ,

ಮೊದಲು ನಿನ್ನನ್ನು ಬೈದು ಮುಗಿಸುತ್ತೇನೆ, ಸಮಾಚಾರ ಆಮೇಲೆ. ಹದಿನೆಂಟು ವರ್ಷ ಕಂಡವರ ಕಂಪ್ಯೂಟರ್‌ಗಳನ್ನೆಲ್ಲ ರಿಪೇರಿ ಮಾಡಿದವನು, ಒಡಹುಟ್ಟಿದವಳಿಗೆ ಒಂದು ವೈರು ಸಿಕ್ಕಿಸುವುದನ್ನಾದರೂ ಹೇಳಿಕೊಡಬಾರದಿತ್ತೇ? ನಾನು ಲ್ಯಾಪ್‌ಟಾಪ್ ಹತ್ತಿರ ಸುಳಿದರೆ ಸಾಕು, "ಅಕ್ಕಾ, ಕೈ ತೆಗಿ, ಕೆಡಿಸ್ತೀಯ" ಎನ್ನುತ್ತಿದ್ದೆ. ಈಗ ಕೆಡಿಸುವುದಕ್ಕೂ ಬಾರದೆ ಕೂತಿದ್ದೇನೆ.

ಮಾನಿಟರ್ ತಂದೆ ಕಣೋ. ದೊಡ್ಡದು, ಇಪ್ಪತ್ತೇಳು ಇಂಚಿನದು. ಇಡಲು ಬೇರೆ ಜಾಗವಿಲ್ಲದೆ ಕಿಟಕಿಗೆ ಅಡ್ಡಲಾಗಿ ಇಟ್ಟಿದ್ದೇನೆ. ಇದ್ದ ಒಂದು ಕಿಟಕಿಯೂ ಮುಚ್ಚಿಹೋಯಿತು, ಹಗಲಿನಲ್ಲೇ ದೀಪ ಹಾಕಬೇಕು. ಹೋಗಲಿ ಬಿಡು. ವಕೀಲರು ಹೇಳಿದ್ದು ನಿನಗೂ ಗೊತ್ತಲ್ಲ. ನಿನ್ನ ಧಣಿಯ ಗೋದಾಮು ಸುಟ್ಟದ್ದನ್ನು ಹಿಡಿದ ಪಕ್ಕದ ಗೋದಾಮಿನ ಕ್ಯಾಮೆರಾ ಒಳ್ಳೆಯದು, ಅದರ ರೆಕಾರ್ಡಿಂಗ್ ಬಹಳ ಸ್ಪಷ್ಟವಾಗಿದೆಯಂತೆ. ಕೋರ್ಟಿನಲ್ಲಿ ಅದನ್ನು ಅಂಗೈಯಗಲದ ಪರದೆಯಲ್ಲಿ ತೋರಿಸಿದರು. ಬೆಂಕಿ ಹಚ್ಚಿ ಹೊರಬಂದು ಶಟರ್ ಎಳೆದವನ ಮುಖ ಬರೀ ಕಲೆಯಾಗಿ ಕಂಡಿತು. ಅದು ಯಾರ ಮುಖವೂ ಆಗಬಹುದಾಗಿತ್ತು. ನಿನ್ನ ಚೀಲದಲ್ಲಿ ಧಣಿಯ ಗೋದಾಮಿನ ಕೀಲಿಕೈ ಸಿಕ್ಕಿತೆಂದು ಅದು ನಿನ್ನ ಮುಖವಾಯಿತು.

ಜೂನ್ ಮೂವತ್ತರೊಳಗೆ ಆ ಮುಖ ಸರಿಯಾಗಿ ಕಾಣುವ ಒಂದು ಚಿತ್ರವನ್ನು ಮೇಲ್ಮನವಿಯ ಜೊತೆ ಕೊಡಬೇಕು. ಕೊಟ್ಟರೆ ನೀನು ಮನೆಗೆ ಬರುತ್ತೀಯ, ಇಲ್ಲದಿದ್ದರೆ ಇನ್ನೂ ಐದು ವರ್ಷ ಅಲ್ಲೇ. "ಎರಡು ಗಂಟೆಯ ರೆಕಾರ್ಡಿಂಗ್ ಕೂತು ನೋಡೋಕೆ ನನಗೆಲ್ಲಮ್ಮ ಪುರಸೊತ್ತು, ನೀವೇ ಹುಡುಕಿ ಕೊಡಿ" ಎಂದು ವಕೀಲರು ಪೆನ್‌ಡ್ರೈವ್ ಕೈಗಿಟ್ಟರು. ಅದು ಧಣಿಯ ಅಳಿಯನ ಮುಖವೇ, ನನಗೆ ಅನುಮಾನವೇ ಇಲ್ಲ. ನಿನ್ನ ಕೆಲಸ ಕಿತ್ತುಕೊಂಡವನು ಅದನ್ನೂ ಮಾಡುತ್ತಾನೆ.

ಈಗ ತೊಂದರೆ ಕೇಳು. ಸಿಕ್ಕಿಸಿದೆ, ಚಿತ್ರವೂ ಬಂತು. ಆದರೆ ಲ್ಯಾಪ್‌ಟಾಪಿನಲ್ಲಿ ಇದ್ದ ಕಲೆಯೇ ಇಲ್ಲಿ ಊದಿಕೊಂಡು ಕಾಣುತ್ತದೆ. ಇಷ್ಟು ದೊಡ್ಡ ಮಾನಿಟರ್ ತಂದಿದ್ದು ದೊಡ್ಡ ಕಲೆ ನೋಡುವುದಕ್ಕೇ? ಏನು ಮಾಡಬೇಕೆಂದು ಬಿಡಿಸಿ ಬರೆ. ತಿಂಗಳಿಗೊಂದು ಸಲ ಸಿಗುವ ನಿನ್ನ ಐದು ನಿಮಿಷದ ಫೋನಿನಲ್ಲಿ ಇದೆಲ್ಲ ಆಗುವ ಮಾತಲ್ಲ.

ಅಮ್ಮ ಚೆನ್ನಾಗಿದ್ದಾಳೆ. ನೀನು ದೂರದ ಕೆಲಸದಲ್ಲಿದ್ದೀಯ, ರಜೆ ಕೊಡುತ್ತಿಲ್ಲ ಎಂಬ ನಮ್ಮ ಸುಳ್ಳಿಗೆ ಈ ತಿಂಗಳು ಎರಡು ವರ್ಷ ತುಂಬಿತು. "ಅದೇನು ಕಂಪನಿನೋ, ಹೆತ್ತವಳ ಮುಖ ನೋಡೋಕೂ ಬಿಡಲ್ಲ" ಎಂದು ದಿನಾ ಶಾಪ ಹಾಕುತ್ತಾಳೆ.

ಕಾದು ಕೂತಿರುವ,
ಅಕ್ಕ

•

ಮಾರ್ಚ್ ೧೪

ಅಕ್ಕಾ,

ನಿನ್ನ ಬೈಗುಳ ತಲುಪಿತು. ನಾವು ಎಂಟು ಜನರಿರುವ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. "ನಿಮ್ಮಕ್ಕ ಇಲ್ಲಿಗೆ ವಾರ್ಡನ್ ಆಗಿ ಬರ್ಲಿ, ಎಲ್ಲ ಸರಿಹೋಗುತ್ತೆ" ಎಂದರು.

ಮಾನಿಟರ್ ಯಾಕೆ ತಂದೆ? ನನ್ನನ್ನು ಕೇಳಬಾರದಿತ್ತೇ? ತಂದಾಗಿದೆ, ಇರಲಿ. ನಾನು ಹೇಳಿದಷ್ಟೇ ಮಾಡು. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಎಂದು ಇರುತ್ತದೆ. ಅಲ್ಲಿ ಡೂಪ್ಲಿಕೇಟ್ ಎಂದೇ ಇರಲಿ, ಅಂದರೆ ಎರಡು ಪರದೆಯಲ್ಲೂ ಒಂದೇ ಚಿತ್ರ. ರೆಸಲ್ಯೂಷನ್ ಎನ್ನುವ ಕಡೆ ಎರಡಕ್ಕೂ ■■■■ ಮತ್ತು ■■■ ಅಂಕಿಯನ್ನೇ ಇಡು. ಅದಕ್ಕಿಂತ ಹೆಚ್ಚಿಟ್ಟರೆ ಹಳೆಯ ಲ್ಯಾಪ್‌ಟಾಪ್ ಬಿಸಿಯಾಗಿ ಸುಟ್ಟುಹೋಗುತ್ತದೆ. ಅಂಗಡಿಯವನನ್ನು ಮಾತ್ರ ಮನೆಗೆ ಕರೆಯಬೇಡ. ರೆಕಾರ್ಡಿಂಗ್ ಅವನ ಕಣ್ಣಿಗೆ ಬಿದ್ದರೆ ಬೀದಿಗೆಲ್ಲ ಸುದ್ದಿ, ಅಮ್ಮನ ಕಿವಿಗೂ ಬೀಳುತ್ತದೆ.

ಇಲ್ಲಿ ವಾರಕ್ಕೆ ಎರಡು ದಿನ ಕಂಪ್ಯೂಟರ್ ಪಾಠ ಹೇಳಲು ನನ್ನನ್ನು ಹಾಕಿದ್ದಾರೆ. ಕಚೇರಿಯವರೂ ಬಂದು ಕೂರುತ್ತಾರೆ. ಮೇಷ್ಟ್ರೇ ಎಂದು ಕರೆಯುತ್ತಾರೆ, ಮುಗಿದ ಮೇಲೆ ಬೀಗ ಹಾಕುತ್ತಾರೆ. ನಮ್ಮ ಕೋಣೆಯ ಗವಾಕ್ಷಿ ಬಹಳ ಮೇಲಿದೆ. ಆಕಾಶ ಕಾಣುವುದಿಲ್ಲ, ಬೆಳಕು ಮಾತ್ರ ಗೋಡೆಯ ಮೇಲೆ ಒಂದಿಷ್ಟು ಹೊತ್ತು ಇದ್ದು ಹೋಗುತ್ತದೆ.

ಅಮ್ಮನಿಗೆ ಕಣ್ಣಿನ ಔಷಧಿ ತಪ್ಪದೆ ಹಾಕು.

ನಿನ್ನ ತಮ್ಮ

•

ಮಾರ್ಚ್ ೨೯

ತಮ್ಮಾ,

ನೀನು ಅಂಕಿ ಬರೆದ ಕಡೆಯೆಲ್ಲ ಕಪ್ಪು ಮಸಿ ಬಳಿದು ಕಳಿಸಿದ್ದಾರೆ. ಯಾರಪ್ಪಾ ಈ ಪುಣ್ಯಾತ್ಮರು! ಬೆಳಕಿಗೆ ಹಿಡಿದು ನೋಡಿದೆ, ಕಾಗದ ತಿರುಗಿಸಿ ನೋಡಿದೆ, ಏನೂ ಗೊತ್ತಾಗಲಿಲ್ಲ. ಅಂದಾಜಿನ ಮೇಲೆ ಲ್ಯಾಪ್‌ಟಾಪಿನಲ್ಲಿದ್ದ ಅಂಕಿಯನ್ನೇ ಎರಡಕ್ಕೂ ಇಟ್ಟೆ. ಕಲೆ ಕಲೆಯಾಗಿಯೇ ಉಳಿಯಿತು. ಅವನಿಗೆ ಮೂಗಿದೆಯೋ ಇಲ್ಲವೋ ಎಂದು ಕೂಡ ಹೇಳಲಾಗುವುದಿಲ್ಲ.

ದಿನವಿಡೀ ಲ್ಯಾಬಿನಲ್ಲಿ ಕಟ್ಟುಹಲ್ಲು ತಿದ್ದುವವಳು ನಾನು. ಕೂದಲೆಳೆಯಷ್ಟು ಏರುಪೇರಾದರೂ ನನ್ನ ಕಣ್ಣಿಗೆ ಬೀಳುತ್ತದೆ. ಮನೆಗೆ ಬಂದು ಈ ಮಂಜಿನ ಮುಂದೆ ಕೂತರೆ ತಲೆ ಕೆಡುತ್ತದೆ. ಅಂಗಡಿಯವನನ್ನು ಕರೆಯಲಿಲ್ಲ, ಗಾಬರಿಯಾಗಬೇಡ. ಫೋನಿನಲ್ಲಿ ಹುಡುಕಿದೆ. ಒಬ್ಬ ಒಂದು ಹೇಳಿದರೆ ಇನ್ನೊಬ್ಬ ಇನ್ನೊಂದು ಹೇಳುತ್ತಾನೆ. ಡೂಪ್ಲಿಕೇಟ್ ಇಡಲೇಬೇಡಿ ಎಂದು ಒಬ್ಬ ಬೊಬ್ಬೆ ಹೊಡೆಯುತ್ತಿದ್ದ. ನನ್ನ ತಮ್ಮನಿಗಿಂತ ನಿನಗೆ ಜಾಸ್ತಿ ಗೊತ್ತೇನೋ ಎಂದು ಫೋನ್ ಬದಿಗಿಟ್ಟೆ.

ಇನ್ನೊಂದು ವಿಷಯ. ನಮ್ಮ ಯಜಮಾನಿ ಬೇರೆ ಊರಿನಲ್ಲಿ ಲ್ಯಾಬು ತೆರೆಯುತ್ತಿದ್ದಾರೆ. ನೋಡಿಕೊಳ್ಳಲು ನನ್ನನ್ನೇ ಹೋಗು ಎನ್ನುತ್ತಿದ್ದಾರೆ, ಅಮ್ಮನನ್ನೂ ಕರೆದುಕೊಂಡು. ಜೂನ್‌ವರೆಗೆ ತಡೀರಿ ಎಂದಿದ್ದೇನೆ. "ಜೂನಲ್ಲಿ ಏನಿದೆ ನಿಂಗೆ?" ಎಂದರು. "ನನ್ನ ತಮ್ಮ ಬರ್ತಾನೆ" ಎಂದೆ. ಹೇಳಿದ ಮೇಲೆ ನನಗೇ ಅಳು ಬಂತು.

ಈ ಸಲ ಅಂಕಿ ಬರೆಯಬೇಡ, ಅಕ್ಷರದಲ್ಲಿ ಬರೆ.

ಅಕ್ಕ

•

ಏಪ್ರಿಲ್ ೧೨

ಅಕ್ಕಾ,

ಯಾರೋ ಹಿಂದೆ ಪತ್ರದಲ್ಲಿ ಫೋನ್ ನಂಬರ್‌ಗಳನ್ನು ಬಚ್ಚಿಟ್ಟು ಕಳಿಸಿದ್ದರಂತೆ. ಅಂದಿನಿಂದ ತಾರೀಖು, ಸಣ್ಣಪುಟ್ಟ ಎಣಿಕೆ ಬಿಟ್ಟು ಯಾವ ಉದ್ದನೆಯ ಅಂಕಿಯೂ ಹೊರಗೆ ಹೋಗುವಂತಿಲ್ಲ. ಅಕ್ಷರದಲ್ಲಿ ಬರೆದರೂ ಮಸಿಯೇ. ಹಾಗಾಗಿ ಅಂಕಿ ಮರೆತುಬಿಡು, ಲ್ಯಾಪ್‌ಟಾಪಿನದೇ ಇರಲಿ.

ತಪ್ಪು ಕೇಬಲಿನದು ಇರಬೇಕು. ನೀನು ಸಿಕ್ಕಿಸಿರುವುದು ಚಪ್ಪಟೆ ತುದಿಯ ಹೊಸ ಕೇಬಲ್ ತಾನೆ? ಅದನ್ನು ತೆಗೆದು ಹಾಕು. ನೀಲಿ ತುದಿಯ, ಎರಡು ಕಡೆ ತಿರುಪು ಇರುವ ಹಳೆಯ ಕಾಲದ ಕೇಬಲ್ ಸಿಗುತ್ತದೆ. ಅದಕ್ಕೊಂದು ಜೋಡಣೆ ತುಂಡೂ ಬೇಕಾಗುತ್ತದೆ, ಕೇಳಿದರೆ ಕೊಡುತ್ತಾರೆ. ಅದು ಗಟ್ಟಿ ಕೇಬಲ್, ಭರವಸೆಯದು.

ಅದಕ್ಕೂ ಆಗದಿದ್ದರೆ ರೆಕಾರ್ಡಿಂಗೇ ಕೆಟ್ಟಿದೆ ಎಂದು ತಿಳಿದುಕೋ. ವಕೀಲರು ನಿನ್ನ ಸಮಾಧಾನಕ್ಕೆ ಸ್ಪಷ್ಟವಾಗಿದೆ ಎಂದಿರಬಹುದು. ಎಲ್ಲರಿಗೂ ಎಲ್ಲವೂ ಕಾಣಲೇಬೇಕೆಂದೇನೂ ಇಲ್ಲ ಅಕ್ಕಾ. ಲ್ಯಾಬಿನ ಕೆಲಸ ಒಪ್ಪಿಕೋ. ನನಗಾಗಿ ಕಾಯಬೇಡ.

ನಿನ್ನ ತಮ್ಮ

•

ಮೇ ೨

ತಮ್ಮಾ,

ನೀಲಿ ಕೇಬಲಿಗಾಗಿ ಎಂಟು ಅಂಗಡಿ ಅಲೆದೆ. ಕೊನೆಗೆ ಒಬ್ಬ ಮುದುಕ ಧೂಳು ಕೊಡವಿ ಕೊಟ್ಟ. "ಇದನ್ನ ಯಾವುದಕ್ಕಮ್ಮ ಹಾಕ್ತೀಯ?" ಎಂದ. ಮಾನಿಟರಿನ ಹೆಸರು ಹೇಳಿದೆ. ನನ್ನನ್ನೇ ಮೇಲಿಂದ ಕೆಳಗೆ ನೋಡಿದ. "ಯಾರು ಹೇಳಿದ್ದು?" ಎಂದ. "ಹದಿನೆಂಟು ವರ್ಷ ಇದೇ ಕಸುಬು ಮಾಡಿದವನು" ಎಂದು ಬಾಯಿ ಮುಚ್ಚಿಸಿ ಬಂದೆ.

ಹಾಕಿದರೆ ಇನ್ನೂ ಹಾಳು! ಕಲೆಯ ಜೊತೆಗೆ ಈಗ ನಡುಕ ಬೇರೆ. ಗೋದಾಮಿನ ಇಡೀ ಅಂಗಳವೇ ಚಳಿ ಹಿಡಿದಂತೆ ನಡುಗುತ್ತದೆ.

ಇನ್ನು ಎರಡು ತಿಂಗಳೂ ಇಲ್ಲ. ನನಗಾಗಿ ಕಾಯಬೇಡ ಎಂದು ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬಂತು? ನಮ್ಮ ಅತ್ತೆ, ಚಿಕ್ಕಪ್ಪ ಎಲ್ಲ "ಅವನೇ ಮಾಡಿರ್ಬೇಕು" ಎಂದಾಗ ಅವರಿಗೆ ಬಾಗಿಲು ತೋರಿಸಿದವಳು ನಾನು. ಈಗ ನಮ್ಮ ಮನೆಗೆ ಬರುವವರೇ ಇಲ್ಲ. ಲ್ಯಾಬು, ಮನೆ, ಕಿಟಕಿಗೆ ಅಡ್ಡ ನಿಂತ ಈ ಪರದೆ. ನಿನ್ನ ಕೋಣೆಯಲ್ಲಿ ಎಂಟು ಜನರಾದರೂ ಇದ್ದಾರೆ. ನಾನು ಅಮ್ಮನ ಮುಂದೆ ಬಾಯಿ ಬಿಡುವಂತಿಲ್ಲ, ಹೊರಗಿನವರ ಮುಂದೆ ತಲೆ ಎತ್ತುವಂತಿಲ್ಲ. ನಾನೇನು ಹೊರಗಿದ್ದೇನೆ ಎಂದುಕೊಂಡಿದ್ದೀಯಾ?

ಮಸಿ ಬಳಿಯುವ ಮಹಾನುಭಾವರೇ, ಈ ಪತ್ರ ನೀವೂ ಓದುತ್ತೀರಲ್ಲ? ಒಂದು ಕುಟುಂಬ ಬದುಕುವ ಅಂಕಿಯ ಮೇಲೆ ಮಸಿ ಸುರಿದಿದ್ದೀರಿ. ನಿಮ್ಮ ಕೈ ಸೋಲಲಿ.

ಅಕ್ಕ

•

ಮೇ ೧೧

ಅಕ್ಕಾ,

ಸಾಕು. ಪರದೆ ತೆಗೆದಿಟ್ಟು ಕಿಟಕಿ ತೆರೆ. ಇದು ಆಗುವ ಕೆಲಸವಲ್ಲ ಎಂದು ಕಸುಬು ಬಲ್ಲವನಾಗಿ ಹೇಳುತ್ತಿದ್ದೇನೆ. ನನ್ನ ಮೇಲೆ ನಿನಗಿರುವ ನಂಬಿಕೆಯೊಂದಿದ್ದರೆ ನನಗೆ ಐದು ವರ್ಷ ಹೇಗೋ ಕಳೆಯುತ್ತದೆ. ಅದೊಂದನ್ನು ಇಟ್ಟುಕೋ, ಮಿಕ್ಕಿದ್ದು ಬಿಡು.

ನಿನ್ನ ತಮ್ಮ

•

(ಅದೇ ಲಕೋಟೆಯಲ್ಲಿ ಮಡಚಿಟ್ಟಿದ್ದ ಚೀಟಿ)

ಮೇ ೧೩

ಮೇಡಂ,

ನಾನು ಇಲ್ಲಿ ಪತ್ರ ಓದುವ ಗುಮಾಸ್ತೆ. ಆರು ವರ್ಷದಿಂದ ಬೇರೆಯವರ ಪತ್ರ ಓದುತ್ತಿದ್ದೇನೆ, ಒಂದಕ್ಕೂ ಉತ್ತರ ಬರೆದವಳಲ್ಲ. ಇದು ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ, ಓದಿ ಹರಿದುಬಿಡಿ.

ಹೋದ ತಿಂಗಳು ನಮ್ಮ ಕಚೇರಿಗೆ ನಿಮ್ಮಲ್ಲಿರುವಂಥದೇ ಮಾನಿಟರ್ ಬಂತು. ನಮ್ಮ ಲ್ಯಾಪ್‌ಟಾಪೂ ಹಳೆಯದೇ. ನಿಮ್ಮ ತಮ್ಮನೇ ಬಂದು ಹತ್ತು ನಿಮಿಷದಲ್ಲಿ ಜೋಡಿಸಿ, ನಮಗೆಲ್ಲ ಪಾಠ ಮಾಡಿದರು. ಡೂಪ್ಲಿಕೇಟ್ ಇಡಬಾರದು, ಇಟ್ಟರೆ ದೊಡ್ಡ ಪರದೆಯೂ ಚಿಕ್ಕದರ ಮಟ್ಟಕ್ಕೆ ಇಳಿಯುತ್ತದೆ. ಎರಡನೆಯ ಪರದೆ ಮಾತ್ರ ಎನ್ನುವುದನ್ನು ಆರಿಸಿ, ರೆಸಲ್ಯೂಷನ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನ ಅಂಕಿ ಇಡಬೇಕು. ಚಪ್ಪಟೆ ತುದಿಯ ಹೊಸ ಕೇಬಲೇ ಬೇಕು, ನೀಲಿಯದರಲ್ಲಿ ಅಷ್ಟು ಚಿತ್ರ ಹರಿಯುವುದೇ ಇಲ್ಲ. ಲ್ಯಾಪ್‌ಟಾಪ್ ಸುಡುತ್ತದೆ ಎನ್ನುವುದೆಲ್ಲ ಸುಳ್ಳು. ಇಷ್ಟೂ ಅವರದೇ ಮಾತು, ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ನಿಮಗೆ ಬರೆದಿರುವುದು ಇದರ ತದ್ವಿರುದ್ಧ. ನಾನು ಮಸಿ ಬಳಿದಿದ್ದಕ್ಕೆ ನಿಮಗೆ ಕಾಣುತ್ತಿಲ್ಲ ಎಂದು ಬೈದಿದ್ದೀರಿ. ಬೈದಿದ್ದಕ್ಕೆ ಬೇಸರವಿಲ್ಲ. ಆದರೆ ಮಸಿಯ ಕೆಳಗೂ ತಪ್ಪು ಅಂಕಿಯೇ ಇತ್ತು.

ಪತ್ರ ಓದುವವಳು

•

ಮೇ ೨೦

ತಮ್ಮಾ,

ಯಾಕೋ?

ಮೂರು ದಿನದಿಂದ ಈ ಒಂದು ಮಾತಿನ ಮುಂದೆ ಬೇರೆ ಏನೂ ಬರೆಯಲಾಗುತ್ತಿಲ್ಲ. ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡ. ಡೂಪ್ಲಿಕೇಟ್, ನೀಲಿ ಕೇಬಲ್, ಎಲ್ಲವೂ ಬೇಕೆಂದೇ ಹೇಳಿದ್ದು ಎಂದು ಗೊತ್ತಾಯಿತು. ಎಂಟು ಅಂಗಡಿ ಅಲೆಸಿದೆಯಲ್ಲೋ ನನ್ನನ್ನು. ಆ ಮುದುಕ ಅಷ್ಟು ಕೇಳಿದರೂ ನಿನ್ನ ಮಾತೇ ಸರಿ ಎಂದು ಅವನ ಮೇಲೆ ರೇಗಿದೆನಲ್ಲೋ.

ಸರಿಯಾದ ಕೇಬಲನ್ನು ಮತ್ತೆ ತೆಗೆದಿಟ್ಟಿದ್ದೇನೆ. ಇನ್ನೂ ಸಿಕ್ಕಿಸಿಲ್ಲ. ನೋಡಿದರೆ ಯಾರು ಕಾಣುತ್ತಾರೆ, ನೀನೇ ಹೇಳು. ನಿನ್ನ ಉತ್ತರ ಬರುವವರೆಗೆ ಮುಟ್ಟುವುದಿಲ್ಲ. ಅಷ್ಟು ಮರ್ಯಾದೆ ನಿನಗೆ ಕೊಡುತ್ತೇನೆ.

ಅಕ್ಕ

•

ಜೂನ್ ೧

ಅಕ್ಕಾ,

ನಾನೇ.

ಅಂದು ಭಾನುವಾರ, ನಾಲ್ಕು ಗಂಟೆಯ ಬಿಸಿಲು. ನನ್ನ ಸಲಕರಣೆಗಳನ್ನು ತರಲು ಗೋದಾಮಿಗೆ ಹೋಗಿದ್ದೆ. ಧಣಿ ನನ್ನನ್ನು ತೆಗೆದು ವಾರವಾಗಿತ್ತು, ಕೀಲಿಕೈ ಇನ್ನೂ ನನ್ನ ಬಳಿಯೇ ಇತ್ತು. ಒಳಗೆ ಹೋಗಿ ನೋಡಿದರೆ ನನ್ನ ಮೇಜು ಖಾಲಿ. ನಾನೇ ಆರಿಸಿ ಆರಿಸಿ ಕೂಡಿಸಿಟ್ಟಿದ್ದ ಸ್ಕ್ರೂಡ್ರೈವರ್, ಚಿಮಟ ಎಲ್ಲ ಅಳಿಯನ ಡಬ್ಬಿಯಲ್ಲಿದ್ದವು, ಮುಚ್ಚಳದ ಮೇಲೆ ಅವನ ಹೆಸರು. ಹದಿನೆಂಟು ವರ್ಷ ಅಕ್ಕಾ. ಕಣ್ಣು ಕತ್ತಲೆ ಬಂತು. ರಟ್ಟಿನ ಪೆಟ್ಟಿಗೆಗಳ ರಾಶಿಗೆ ಕಡ್ಡಿ ಗೀರಿದೆ. ಅವನ ಮೇಜೊಂದು ಸುಟ್ಟರೆ ಸಾಕು ಎಂದುಕೊಂಡೆ.

ಕಾವಲುಗಾರ ಒಳಗಿದ್ದದ್ದು ನನಗೆ ಗೊತ್ತಿರಲಿಲ್ಲ. ಭಾನುವಾರ ಅವನಿಗೆ ರಜೆ. ಅವನ ಎರಡು ಕೈಯೂ ಸುಟ್ಟವೆಂದು ಪೊಲೀಸರು ಬಂದಾಗಲೇ ತಿಳಿದದ್ದು. ಅಮ್ಮನ ಆಣೆ, ಗೊತ್ತಿದ್ದರೆ ಶಟರ್ ಎಳೆಯುತ್ತಿದ್ದೆನೇ?

ಬಂಧಿಸಿದ ದಿನ ನೀನು ಠಾಣೆಯ ಮೆಟ್ಟಿಲ ಮೇಲೆ ನಿಂತು "ನನ್ನ ತಮ್ಮ ಅಂಥವನಲ್ಲ" ಎಂದು ಕಿರುಚಿದೆ. ನಾನೇ ಮಾಡಿದ್ದು ಎಂದು ಹೇಳಲು ಬಾಯಿ ತೆರೆದಿದ್ದೆ. ನಿನ್ನ ಮುಖ ನೋಡಿ ಮುಚ್ಚಿಕೊಂಡೆ. ಆಮೇಲೆ ತೆರೆಯಲು ಆಗಲೇ ಇಲ್ಲ. ನೀನು ನಂಬುತ್ತಿದ್ದೀಯ ಎನ್ನುವ ಒಂದೇ ಕಾರಣಕ್ಕೆ ನಾನು ಇಲ್ಲಿ ಅನ್ನ ತಿಂದು ಬದುಕಿದ್ದೇನೆ.

ಎಲ್ಲ ಹೇಳಿದ್ದಾಯಿತು. ಇನ್ನು ನೋಡಬೇಡ. ನೋಡಿ ಆಗಬೇಕಾದ್ದೇನೂ ಉಳಿದಿಲ್ಲ. ಪೆನ್‌ಡ್ರೈವ್ ಮುರಿದು ಹಾಕು. ದಯವಿಟ್ಟು ನೋಡಬೇಡ. ಅಕ್ಕಾ, ನೋಡಬೇಡ.

ತಮ್ಮ

•

ಜೂನ್ ೧೭

ತಮ್ಮಾ,

ನೋಡಿದೆ.

ನೀನು ಮೂರು ಸಲ ಬೇಡ ಎಂದು ಬರೆಯದಿದ್ದರೆ ಬಹುಶಃ ನೋಡುತ್ತಿರಲಿಲ್ಲ. ಸಿಟ್ಟಿನಲ್ಲಿ ಕಡ್ಡಿ ಗೀರಿದ, ಒಳಗೆ ಯಾರೂ ಇಲ್ಲವೆಂದುಕೊಂಡಿದ್ದ ಎನ್ನುವುದನ್ನು ನಾನು ಐದು ದಿನ ಅತ್ತು ನುಂಗಿಕೊಂಡಿದ್ದೆ. ಕ್ಷಮಿಸಿಯೂ ಬಿಟ್ಟಿದ್ದೆ ಎನಿಸುತ್ತದೆ. ಆದರೆ ಆ ಮೂರನೆಯ "ಬೇಡ" ಗಂಟಲಲ್ಲೇ ಉಳಿಯಿತು.

ಸಿಕ್ಕಿಸಿ, ಆ ಮೇಲಿನ ಅಂಕಿ ಇಡಲು ನಾಲ್ಕು ನಿಮಿಷ ಸಾಕಾಯಿತು. ಪರದೆ ಒಂದು ಕ್ಷಣ ಕಪ್ಪಾಗಿ ತೆರೆದುಕೊಂಡಿತು. ಅಬ್ಬಾ, ಏನು ಸ್ಪಷ್ಟ! ಅಂಗಳದಲ್ಲಿ ಬಿದ್ದ ಬಾಟಲಿ ಮುಚ್ಚಳ ಕಾಣುತ್ತದೆ. ನಿನ್ನ ಅಂಗಿಯ ಜೇಬಿಗೆ ನಾನು ಹಾಕಿದ್ದ ಬೇರೆ ಬಣ್ಣದ ದಾರ ಕಾಣುತ್ತದೆ. ನೀನು ಹೊರಬಂದು ಚೀಲ ಕೆಳಗಿಟ್ಟೆ. ಆಮೇಲೆ ಬಲಕ್ಕೆ ತಿರುಗಿದೆ. ಚಿತ್ರದ ಬಲತುದಿಯಲ್ಲಿ ಕಾವಲುಗಾರನ ಕೋಣೆಯ ಕಿಟಕಿ. ಗೋದಾಮಿನ ಒಳಗಿಂದಷ್ಟೇ ಬಾಗಿಲಿರುವ ಕೋಣೆ ಅದು. ಆ ಗಾಜಿನ ಮೇಲೆ ಒಂದು ಕೈ. ತಟ್ಟುತ್ತಿದೆ. ಐದು ಬೆರಳೂ ಎಣಿಸಬಹುದು.

ನೀನು ಅದನ್ನು ನೋಡುತ್ತಾ ನಿಂತೆ. ಹನ್ನೊಂದು ಸೆಕೆಂಡು. ಇಪ್ಪತ್ತು ಸಲ ಎಣಿಸಿದೆ, ಹನ್ನೊಂದೇ. ಆಮೇಲೆ ಶಟರ್ ಎಳೆದು ಬೀಗ ಹಾಕಿದೆ.

ಅಮ್ಮನ ಆಣೆ ಇಟ್ಟೆಯಲ್ಲೋ ಪಾಪಿ.

ವಕೀಲರಿಗೆ ಫೋನ್ ಮಾಡಿ, ಮುಖ ಎಲ್ಲೂ ಸರಿಯಾಗಿ ಸಿಗಲಿಲ್ಲ ಎಂದೆ. ಮೇಲ್ಮನವಿ ಇಲ್ಲ. ಹೌದು, ನಾನೂ ಸುಳ್ಳು ಹೇಳಿದೆ. ಆ ಮನುಷ್ಯ ಇಂದಿಗೂ ತನ್ನ ಕೈಯಿಂದ ಗುಂಡಿ ಹಾಕಿಕೊಳ್ಳಲಾರ ಎಂದು ಗೊತ್ತಿದ್ದೂ ಹೇಳಿದೆ. ಪೆನ್‌ಡ್ರೈವ್ ಮುರಿದು ಹಾಕೋಣ ಎಂದು ಅವತ್ತೇ ಎದ್ದೆ. ಆಗಲಿಲ್ಲ, ಯಾಕೆಂದು ಕೇಳು.

ನಾನು ನೋಡುತ್ತಿದ್ದಾಗ ಬೆನ್ನ ಹಿಂದೆ ಅಮ್ಮ ಬಂದು ನಿಂತಿದ್ದಳು. ಲ್ಯಾಪ್‌ಟಾಪಿನಲ್ಲಿ ಏನಿಟ್ಟರೂ ಅವಳಿಗೆ ಮಂಜು ಮಂಜು, ಅದಕ್ಕೇ ನಾನು ಅಷ್ಟು ಎಚ್ಚರ ವಹಿಸುತ್ತಿರಲಿಲ್ಲ. ಈ ಪರದೆಯಲ್ಲಿ ಕಂಡುಬಿಟ್ಟಿತು. "ಅಯ್ಯೋ, ನಮ್ಮ ಪಾಪು!" ಎಂದು ಕೂಗಿಕೊಂಡಳು. "ಇದನ್ನ ಯಾವಾಗ ಕಳಿಸ್ದ? ನಂಗೆ ಹೇಳ್ಲೇ ಇಲ್ಲವಲ್ಲೇ! ಇದೇನಾ ಅವನು ಕೆಲಸ ಮಾಡೋ ಜಾಗ? ಎಷ್ಟು ಸೊರಗಿದ್ದಾನೆ ನೋಡೇ." ಎರಡು ವರ್ಷದಿಂದ ನಿನ್ನ ಮುಖ ಕಾಣದವಳು, ಬೇರೇನೂ ಅವಳ ಕಣ್ಣಿಗೆ ಬೀಳಲಿಲ್ಲ. ಪರದೆಯ ಮೇಲೆ ನಿನ್ನ ಕೆನ್ನೆ ಸವರಿದಳು. ಹೌದಮ್ಮ, ಕಳಿಸಿದ್ದಾನೆ ಎಂದೆ. ಬೇರೇನು ಹೇಳಲಿ?

ಈಗ ಅದೇ ಅಭ್ಯಾಸವಾಗಿದೆ. ನಾನು ಲ್ಯಾಬಿನಿಂದ ಬಂದು ಚೀಲ ಇಡುವಷ್ಟರಲ್ಲಿ ಕುರ್ಚಿ ಎಳೆದುಕೊಂಡು ಕೂತಿರುತ್ತಾಳೆ. "ಹಾಕೇ, ಒಂದ್ಸಲ ನೋಡ್ತೀನಿ." ಹಾಕುತ್ತೇನೆ. ನೀನು ಚೀಲ ಕೆಳಗಿಡುವುದರಿಂದ ಶುರು ಮಾಡಿ, ಶಟರಿಗೆ ಕೈ ಹಾಕುವ ಮುಂಚೆ ನಿಲ್ಲಿಸುತ್ತೇನೆ. ಬೇರೆ ಊರಿನ ಲ್ಯಾಬಿಗೆ ಯಜಮಾನಿ ಇನ್ನೊಬ್ಬಳನ್ನು ಕಳಿಸಿದರು. ಕಳಿಸದಿದ್ದರೂ ನಾನು ಹೋಗುತ್ತಿರಲಿಲ್ಲ. ಈ ಕುರ್ಚಿ, ಈ ಪರದೆ, ಈ ಹನ್ನೊಂದು ಸೆಕೆಂಡು ಬಿಟ್ಟು ಅಮ್ಮ ಏಳುವುದಿಲ್ಲ.

ಬಲತುದಿಯ ಕಿಟಕಿ ಕಾಣದಂತೆ ಪರದೆಯ ಮೇಲೆ ಒಂದು ಕಾಗದ ಅಂಟಿಸಿದ್ದೇನೆ. ಅಲ್ಲಿ ಸ್ವಲ್ಪ ಕೆಟ್ಟಿದೆ ಎಂದು ಹೇಳಿದೆ. ಅಮ್ಮ ನಂಬಿದಳು. ನಿನ್ನೆ ಮಾತ್ರ ಬಹಳ ಹೊತ್ತು ನಿನ್ನ ಮುಖವನ್ನೇ ನೋಡಿ ಕೇಳಿದಳು: "ಅಲ್ವೇ, ಪಾಪು ಅಷ್ಟು ಹೊತ್ತು ಯಾರನ್ನೇ ನೋಡ್ತಿರೋದು? ಆ ಕಾಗದದ ಹಿಂದೆ ಯಾರಿದ್ದಾರೆ?"

ಉತ್ತರ ಅವಳ ಹೆಸರಿಗೇ ಬರೆ. ನೀನು ಬರೆದದ್ದನ್ನು ಒಂದಕ್ಷರ ಬಿಡದೆ ಓದಿ ಹೇಳುತ್ತೇನೆ.

ಅಕ್ಕ